ಎರಡು ಸಾವಿರ ರಿಯಾಲಿನ ಒರಳು

ಅಲ್ ಹಿಲಾಲ್‌ನಲ್ಲಿ ಕನ್ನಡದವರ ಅಡುಗೆಮನೆಗೆ ಹೋದರೆ ಮೊದಲು ಮಿಕ್ಸಿಯ ಬಾಲ ನೋಡಬೇಕು. ವಯರಿನ ತುದಿಯಲ್ಲಿ ಊರಿನ ಮೂರು ಉರುಟು ಪಿನ್ನು. ಗೋಡೆಯಲ್ಲಿ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ತೂತು. ಎರಡರ ನಡುವೆ ಸಂಧಾನಕ್ಕೆ ನಿಂತ ಬಿಳಿ ಅಡಾಪ್ಟರ್. ಇಂಥ ಮಿಕ್ಸಿ ಬಹುತೇಕ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಸೂಟ್‌ಕೇಸಿನೊಳಗೆ ಬಟ್ಟೆಬರೆಯ ನಡುವೆ ಹುದುಗಿ ಕಡಲು ದಾಟಿ ಬಂದದ್ದು. ಬ್ಲೇಡ್ ಇರುವ ಜಾರನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವಲ್ಲ, ಹಾಗಾಗಿ ಅದು ತೂಕದ ಲಗೇಜಿಗೇ ಹೋಗಬೇಕು. ಜಾರಿನೊಳಗಿನ ಖಾಲಿ ಜಾಗವೂ ಹಾಳಾಗಬಾರದೆಂದು ಅಮ್ಮಂದಿರು ಅದರಲ್ಲಿ ಸಾರಿನ ಪುಡಿ ತುಂಬಿಸಿ ಕಳಿಸುವುದುಂಟು.

ದೋಹಾ ನಗರದ ನಕ್ಷೆಯೇ ಒಂದು ಮಜಾ. ಕಡಲಂಚಿನಿಂದ ಶುರುವಾಗಿ ಎ ರಿಂಗ್, ಬಿ ರಿಂಗ್, ಸಿ ರಿಂಗ್, ಡಿ ರಿಂಗ್ ಎಂದು ಅರ್ಧಚಕ್ರಾಕಾರದ ರಸ್ತೆಗಳು ಒಂದರ ಹಿಂದೊಂದು ಹಬ್ಬಿಕೊಂಡಿವೆ. ಸಿ ಮತ್ತು ಡಿ ನಡುವೆ ಕೂತಿರುವ ಬಡಾವಣೆ ಅಲ್ ಹಿಲಾಲ್. ಹಿಲಾಲ್ ಎಂದರೆ ಬಿದಿಗೆಯ ಚಂದ್ರ. ಸಣ್ಣ ಅಪಾರ್ಟ್‌ಮೆಂಟುಗಳು, ಪಾರ್ಟಿಷನ್ ಹಾಕಿ ನಾಲ್ಕಾರು ಸಂಸಾರಗಳಿಗೆ ಹಂಚಿದ ವಿಲ್ಲಾಗಳು. ಕರ್ನಾಟಕ ಸಂಘ ಕತಾರ್, ತುಳು ಕೂಟ ಕತಾರ್‌ನಂಥ ಸಂಘಗಳ ಕಾರ್ಯಕ್ರಮಗಳಲ್ಲಿ ಕೋರಿ ಗಸಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ಇಂಥ ಮನೆಗಳಲ್ಲಿ ತೆಂಗಿನಕಾಯಿ ಅರೆಯುತ್ತಾರೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡನ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದಾಗ ಅಲ್ಲೊಂದು ಯಂತ್ರ ಕಂಡಿತು. ಕಪ್ಪು ಬುಡ, ಮೊಳದುದ್ದದ ಪಾರದರ್ಶಕ ಜಾರು, ಸ್ಕೂಟರಿನ ಆಕ್ಸಿಲರೇಟರಿನಂಥ ತಿರುಗುಗುಬ್ಬಿ. ಬಸಳೆಸೊಪ್ಪು, ಬಾಳೆಹಣ್ಣು, ಐಸ್ ಗಡ್ಡೆ ಹಾಕಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ರೇಷ್ಮೆಯಂಥ ದ್ರವ. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ: ‘ನಾವೂ ತಗೊಳ್ಳೋಣವಾ?’

ಬೆಲೆ ಕೇಳಿದರೆ ಮಾತು ನಿಲ್ಲುತ್ತದೆ. ವೈಟಾಮಿಕ್ಸ್, ಬ್ಲೆಂಡ್‌ಟೆಕ್‌ನಂಥ ಮೇಲ್ದರ್ಜೆಯ ಅಮೆರಿಕನ್ ಬ್ಲೆಂಡರುಗಳಿಗೆ ಅವುಗಳ ತವರಿನಲ್ಲೇ ಸುಮಾರು 450ರಿಂದ 650 ಡಾಲರ್. ಕತಾರಿನ ರಿಯಾಲನ್ನು ಡಾಲರಿಗೆ 3.64ರ ದರದಲ್ಲಿ ಕಟ್ಟಿಹಾಕಿರುವುದರಿಂದ ಲೆಕ್ಕ ಸುಲಭ: ಸಾಗಣೆ, ಲಾಭ ಸೇರಿಸದೆಯೇ 1,640ರಿಂದ 2,370 ರಿಯಾಲ್. ಸರಾಸರಿ ಎರಡು ಸಾವಿರ ಎನ್ನೋಣ. ರೂಪಾಯಿಗೆ ತಿರುಗಿಸಿದರೆ ನಲವತ್ತೈದು ಸಾವಿರ ದಾಟುತ್ತದೆ. ಊರಿನಲ್ಲಿ ಅದೇ ದುಡ್ಡಿಗೆ 750 ವಾಟಿನ ಒಳ್ಳೆಯ ಮಿಕ್ಸಿ ಎಂಟು ಬರುತ್ತವೆ. ಎಂಟು ಮಿಕ್ಸಿ ಮಾಡದ ಏನನ್ನು ಈ ಒಂದು ಯಂತ್ರ ಮಾಡುತ್ತದೆ?

ಉತ್ತರ ಹುಡುಕಲು ವಾಟು, ಹಾರ್ಸ್‌ಪವರುಗಳಿಗಿಂತ ಮೊದಲು ಅಜ್ಜಿಯ ಕ್ರಿಯಾಪದಗಳನ್ನು ನೆನಪಿಸಿಕೊಳ್ಳುವುದು ಮೇಲು. ಇಂಗ್ಲಿಷಿನ ಬ್ಲೆಂಡರ್ ಎಲ್ಲವನ್ನೂ ಒಂದೇ ಮಾತಿನಲ್ಲಿ ‘ಬ್ಲೆಂಡ್’ ಮಾಡಿಬಿಡುತ್ತದೆ. ಕನ್ನಡದ ಅಡುಗೆಮನೆ ಅಷ್ಟು ಬೇಕಾಬಿಟ್ಟಿಯಾಗಿ ಮಾತಾಡುವುದಿಲ್ಲ. ಅವಲಕ್ಕಿಗೆ ಭತ್ತವನ್ನು ಕುಟ್ಟುತ್ತಾರೆ. ರಾಗಿಯನ್ನು ಬೀಸುತ್ತಾರೆ. ಉದ್ದನ್ನು ರುಬ್ಬುತ್ತಾರೆ. ಚಟ್ನಿಗೆ ಕಾಯಿ ಅರೆಯುತ್ತಾರೆ. ಶುಂಠಿ ಬೆಳ್ಳುಳ್ಳಿಯನ್ನು ಜಜ್ಜುತ್ತಾರೆ. ಮಜ್ಜಿಗೆಯನ್ನು ಕಡೆಯುತ್ತಾರೆ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಹಿಟ್ಟು ಮಸಾಲೆಗಳನ್ನೂ ಕಡೆಯುವ ಕಲ್ಲಿನಲ್ಲೇ ಕಡೆಯುತ್ತಾರೆ. ಎಂಜಿನಿಯರ್ ಒಬ್ಬ ಈ ಪಟ್ಟಿ ನೋಡಿದರೆ ಬೆರಗಾಗುತ್ತಾನೆ, ಏಕೆಂದರೆ ಒಂದೊಂದು ಪದವೂ ಒಂದೊಂದು ಬಗೆಯ ಬಲ. ಒನಕೆಯ ಕುಟ್ಟು ಎಂದರೆ ಹೊಡೆತ. ಬೀಸುಕಲ್ಲಿನಲ್ಲಿ ಮೇಲಿನ ಭಾರದ ಒತ್ತಡದೊಂದಿಗೆ ಅಡ್ಡ ಉಜ್ಜಾಟ ಸೇರಿದೆ. ಗುಂಡುಕಲ್ಲು ಉರುಳುವಾಗ ಒದ್ದೆ ಕಾಳು ಎರಡು ಕಲ್ಲುಗಳ ನಡುವೆ ಸಿಕ್ಕಿ ಹಿಸುಕಿಸಿಕೊಳ್ಳುತ್ತದೆ, ಸವರಿಸಿಕೊಳ್ಳುತ್ತದೆ. ಕಡೆಗೋಲು ದ್ರವವನ್ನು ಸುಳಿ ಮಾಡಿ ತಿರುಗಿಸುತ್ತದೆ.

ಬ್ಲೆಂಡರಿಗೆ ಗೊತ್ತಿರುವುದು ಇವುಗಳಲ್ಲಿ ಎರಡೇ: ಕುಟ್ಟುವುದು ಮತ್ತು ಕಡೆಯುವುದು. ಆದರೆ ಅವೆರಡನ್ನೂ ಅದು ಮಾಡುವ ವೇಗ ಭಯಂಕರ. ಏಳೂವರೆ ಸೆಂಟಿಮೀಟರ್ ಅಗಲದ ಬ್ಲೇಡು ನಿಮಿಷಕ್ಕೆ 20,000 ಸುತ್ತು ಹಾಕಿದರೆ ಅದರ ತುದಿ ಗಂಟೆಗೆ ಸುಮಾರು 280 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವಂದೇ ಭಾರತ್ ರೈಲಿನ ಗರಿಷ್ಠ ವೇಗ ಇದರ ಮುಂದೆ ಕುಂಟುನಡಿಗೆ. ಇಷ್ಟು ವೇಗದಲ್ಲಿ ಬ್ಲೇಡಿಗೆ ಹರಿತವೇ ಬೇಕಿಲ್ಲ. ದುಬಾರಿ ಬ್ಲೆಂಡರಿನ ಬ್ಲೇಡನ್ನು, ಪ್ಲಗ್ ಕಿತ್ತ ಮೇಲೆ, ಬೆರಳಿನಿಂದ ಮುಟ್ಟಿ ನೋಡಿದವರಿಗೆ ಆಶ್ಚರ್ಯವಾಗುತ್ತದೆ: ಬೆಣ್ಣೆ ಸವರುವ ಚಾಕುವಿನಷ್ಟು ಮೊಂಡು. ಅದು ಹೆಚ್ಚುವುದಿಲ್ಲ, ಬಡಿದು ಒಡೆಯುತ್ತದೆ.

ಆದರೆ ಒಂದು ಗುಟ್ಟು ಇಲ್ಲೇ ಹೇಳಿಬಿಡಬೇಕು. ಖಾಲಿ ಓಡುವಾಗ ನಮ್ಮ ಮಿಕ್ಸಿಯ ಮೋಟರೂ ನಿಮಿಷಕ್ಕೆ 18,000ದಿಂದ 20,000 ಸುತ್ತು ತಿರುಗುತ್ತದೆ. ಎರಡರೊಳಗೂ ಇರುವುದು ಒಂದೇ ಜಾತಿಯ ಮೋಟರು: ಕಾರ್ಬನ್ ಬ್ರಷ್ಷುಗಳಿರುವ, ಏಸಿ ಡೀಸಿ ಎರಡಕ್ಕೂ ಓಡಬಲ್ಲ ಯೂನಿವರ್ಸಲ್ ಮೋಟರ್. ಅಂದಮೇಲೆ ವೇಗಕ್ಕಾಗಿ ಯಾರೂ ಎರಡು ಸಾವಿರ ರಿಯಾಲ್ ಕೊಡಬೇಕಾಗಿಲ್ಲ. ವ್ಯತ್ಯಾಸ ಬೇರೆಲ್ಲೋ ಇದೆ, ಅದು ಈ ಎರಡು ಯಂತ್ರಗಳು ಹುಟ್ಟಿದ ಮನೆಗಳಲ್ಲಿದೆ.

ಬ್ಲೆಂಡರ್ ಹುಟ್ಟಿದ್ದು ಪಾನೀಯಕ್ಕಾಗಿ. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ 1922ರಲ್ಲಿ ಪಾತ್ರೆಯ ತಳದಲ್ಲಿ ಬ್ಲೇಡ್ ತಿರುಗುವ ಯಂತ್ರಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಸೋಡಾ ಅಂಗಡಿಗಳಲ್ಲಿ ಮಾಲ್ಟ್ ಹಾಕಿದ ಹಾಲು ಕಲಕುವುದು ಅದರ ಕೆಲಸ. ಆಮೇಲೆ ಫ್ರೆಡ್ ವೇರಿಂಗ್ ಎಂಬ ವಾದ್ಯಗೋಷ್ಠಿಯ ನಾಯಕ ದುಡ್ಡು ಹಾಕಿ, 1937ರಿಂದ ಊರೂರು ಸುತ್ತಿ ಮಾರಿದ್ದು ಪ್ರಸಿದ್ಧ ವೇರಿಂಗ್ ಬ್ಲೆಂಡರನ್ನು. ಅದೇ ವರ್ಷ ವೈಟಾಮಿಕ್ಸ್ ಕೂಡ ಬ್ಲೆಂಡರ್ ಮಾರಲು ಶುರುಮಾಡಿತು. 1921ರಲ್ಲಿ ವಿಲಿಯಂ ಬರ್ನಾರ್ಡ್ ಆರಂಭಿಸಿದ್ದ ಈ ಕಂಪನಿಯ ಹೆಸರಿನಲ್ಲಿ ಲ್ಯಾಟಿನ್ನಿನ ‘ವೀಟಾ’, ಅಂದರೆ ಜೀವ ಇದೆ. ಮಾರುವ ಕಲೆ ಅವನಿಗೆ ಕರತಲಾಮಲಕ. 1949ರಲ್ಲಿ ಟಿವಿ ಇನ್ನೂ ಕಣ್ಣು ಬಿಡುತ್ತಿದ್ದಾಗಲೇ ಆತ ಪರದೆಯ ಮೇಲೆ ನಿಂತು ಯಂತ್ರದ ಗುಣಗಾನ ಮಾಡಿದ್ದ. ಇಂದಿನ ಟೆಲಿಶಾಪಿಂಗ್ ಕಾರ್ಯಕ್ರಮಗಳ ಮೂಲಪುರುಷರಲ್ಲಿ ಅವನೂ ಒಬ್ಬ.

ವಿಜ್ಞಾನದ ಚರಿತ್ರೆಯಲ್ಲಿ ಬ್ಲೆಂಡರಿಗೆ ಒಂದು ಖಾಯಂ ಕುರ್ಚಿ ಇದೆ. ವಂಶವಾಹಿ ಯಾವುದು, ಪ್ರೋಟೀನೋ ಡಿಎನ್‌ಎಯೋ ಎಂಬ ಜಗಳ ನಡೆಯುತ್ತಿದ್ದ ಕಾಲ. 1952ರಲ್ಲಿ ಆಲ್ಫ್ರೆಡ್ ಹರ್ಶೆ ಮತ್ತು ಮಾರ್ತಾ ಚೇಸ್ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ವೈರಸ್ಸುಗಳ ಪ್ರೋಟೀನಿಗೆ ವಿಕಿರಣಶೀಲ ಗಂಧಕವನ್ನೂ ಡಿಎನ್‌ಎಗೆ ವಿಕಿರಣಶೀಲ ರಂಜಕವನ್ನೂ ಗುರುತಾಗಿ ಅಂಟಿಸಿ, ಅವು ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸಲು ಬಿಟ್ಟರು. ಬ್ಯಾಕ್ಟೀರಿಯಾದ ಮೈಗೆ ಅಂಟಿ ನಿಂತ ವೈರಸ್ಸಿನ ಖಾಲಿ ಕವಚವನ್ನು ಕೀಳಬೇಕು, ಆದರೆ ಬ್ಯಾಕ್ಟೀರಿಯಾ ಒಡೆಯಬಾರದು. ಅದಕ್ಕೆ ಒದಗಿದ್ದು ಅಡುಗೆಮನೆಯ ಬ್ಲೆಂಡರ್! ಅದರ ಸುಳಿಯ ಸೆಳೆತಕ್ಕೆ ಕವಚಗಳು ಕಿತ್ತುಬಂದವು, ಒಳಗೆ ಉಳಿದದ್ದು ಬಹುಪಾಲು ರಂಜಕ ಹೊತ್ತ ಡಿಎನ್‌ಎ. ಹರ್ಶೆಗೆ 1969ರಲ್ಲಿ ನೊಬೆಲ್ ಬಂತು. ಅಂದಹಾಗೆ ಅಂದು ಕೆಲಸ ಮಾಡಿದ್ದೂ ಕಡೆಯುವ ಬಲವೇ.

ಮಿಕ್ಸಿಯ ಜನ್ಮಕಥೆಯೇ ಬೇರೆ. ಮುಂಬಯಿಯಲ್ಲಿ ಸೀಮೆನ್ಸ್ ಕಂಪನಿಯಲ್ಲಿದ್ದ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಒಂದು ಜರ್ಮನ್ ಮಿಕ್ಸರ್ ಇತ್ತು. ಹಣ್ಣಿನ ರಸಕ್ಕೂ ಕೇಕಿನ ಹಿಟ್ಟಿಗೂ ಹೇಳಿಮಾಡಿಸಿದ ಅದು ಭಾರತೀಯ ಅಡುಗೆಯ ಕಾಳು ಮಸಾಲೆ ರುಬ್ಬಲು ಹೋಗಿ ಸುಟ್ಟುಹೋಯಿತು. ‘ನೀವೇ ಒಂದು ಮಾಡಿಕೊಡಿ’ ಎಂದು ಪತ್ನಿ ಮಾಧುರಿ ಹೇಳಿದ್ದು ಸವಾಲಾಯಿತು. 1963ರಲ್ಲಿ ಹೊರಬಂದ ಸುಮೀತ್ ಮಿಕ್ಸಿ ಮುಂದಿನ ಎರಡು ದಶಕ ದಕ್ಷಿಣ ಭಾರತದ ಮದುವೆ ಉಡುಗೊರೆಗಳ ರಾಜನಾಗಿ ಮೆರೆಯಿತು. ಎಷ್ಟೋ ಮನೆಗಳಲ್ಲಿ ಯಾವ ಕಂಪನಿಯ ಮಿಕ್ಸಿಯಾದರೂ ಅದು ‘ಸುಮೀತೇ’ ಆಗಿತ್ತು.

ಹೀಗೆ ಒಂದು ಯಂತ್ರದ ಹಣೆಯಲ್ಲಿ ನೀರು ಬರೆದಿದೆ, ಇನ್ನೊಂದರ ಹಣೆಯಲ್ಲಿ ಕೊತ್ತಂಬರಿ ಬೀಜ. ಜಾರುಗಳನ್ನು ಪಕ್ಕಪಕ್ಕ ಇಟ್ಟರೆ ಇದು ಬರಿಗಣ್ಣಿಗೇ ಕಾಣುತ್ತದೆ. ಬ್ಲೆಂಡರಿನದು ಎತ್ತರದ, ಕೆಳಗೆ ಕಿರಿದಾಗುವ, ಎರಡು ಲೀಟರಿನ ಜಾರು. ದ್ರವ ಗೋಡೆಗುಂಟ ಮೇಲೇರಿ, ನಡುವಿನ ಸುಳಿಯಲ್ಲಿ ಕೆಳಗಿಳಿದು ಮತ್ತೆ ಮತ್ತೆ ಬ್ಲೇಡಿನ ಬಾಯಿಗೆ ಬೀಳಬೇಕು. ಈ ಪ್ರದಕ್ಷಿಣೆ ನಿಂತರೆ ಕೆಲಸವೂ ನಿಂತಿತು. ಗಟ್ಟಿ ಪದಾರ್ಥ ಹಾಕಿದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು, ಮೋಟರು ಕಿರುಚುತ್ತಿದ್ದರೂ ಮೇಲಿನ ಪದಾರ್ಥ ಅಲ್ಲಾಡುವುದಿಲ್ಲ. ಅದಕ್ಕೇ ದುಬಾರಿ ಬ್ಲೆಂಡರಿನ ಜೊತೆ ಮುಚ್ಚಳದ ತೂತಿನಿಂದ ತುರುಕಿ ಒತ್ತಲು ಒಂದು ದಪ್ಪ ಕೋಲು ಕೊಡುತ್ತಾರೆ. ಎರಡು ಸಾವಿರ ರಿಯಾಲ್ ಕೊಟ್ಟರೂ ಕೋಲಿನ ಕೆಲಸ ತಪ್ಪಲಿಲ್ಲ.

ಮಿಕ್ಸಿಯ ಚಟ್ನಿ ಜಾರು ಅಂಗೈಯಗಲ, ಗಿಡ್ಡ, ಸ್ಟೀಲಿನದು. ಬ್ಲೇಡಿಗೂ ತಳಕ್ಕೂ ನಡುವೆ ಚೂರೇ ಚೂರು ಜಾಗ. ಕಾಲು ಹೋಳು ಕಾಯಿ, ನಾಲ್ಕು ಹಸಿಮೆಣಸು, ಎರಡು ಚಮಚ ನೀರು ಇದ್ದರೂ ಅದು ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ಇಷ್ಟೇ ಸರಕನ್ನು ಎರಡು ಲೀಟರಿನ ಬ್ಲೆಂಡರಿಗೆ ಹಾಕಿದರೆ? ಮೊದಲ ಸುತ್ತಿಗೇ ಗೋಡೆಗೆ ಹಾರಿ ಅಂಟುತ್ತದೆ. ಬ್ಲೇಡು ಗಾಳಿಯನ್ನು ಅರೆಯುತ್ತದೆ. ಸಣ್ಣ ಜಾರನ್ನು ಬೇರೆಯಾಗಿ ಕೊಳ್ಳಬಹುದು, ಆದರೆ ಅದರ ಬೆಲೆಗೆ ಊರಿನಲ್ಲಿ ಹೊಸ ಮಿಕ್ಸಿಯೇ ಬಂದೀತು. ಜಾರಿನ ಪ್ಲಾಸ್ಟಿಕ್ ಗಟ್ಟಿಯೇನೋ ಹೌದು, ಆದರೆ ಅರಿಸಿನದ ಬಣ್ಣವನ್ನು ಅದು ಬಿಡುವುದಿಲ್ಲ. ಒಣ ಮಸಾಲೆ ಪುಡಿ ಮಾಡುತ್ತ ಹೋದರೆ ಒಳಮೈ ಗೀರುಬಿದ್ದು ಮಂಜು ಕವಿದ ಕನ್ನಡಕದಂತಾಗುತ್ತದೆ.

ಇನ್ನು ಡಬ್ಬದ ಮೇಲಿನ ಅಂಕಿಗಳು. ‘3 ಪೀಕ್ ಹಾರ್ಸ್‌ಪವರ್’ ಎಂದು ಕೆಲವದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಂದು ಹಾರ್ಸ್‌ಪವರ್ ಎಂದರೆ 746 ವಾಟ್, ಮೂರಕ್ಕೆ 2,238. ಅಮೆರಿಕದ ಮನೆಯ ಮಾಮೂಲಿ ಸಾಕೆಟ್ 120 ವೋಲ್ಟಿನಲ್ಲಿ 15 ಆಂಪಿಯರ್ ಕೊಡಬಲ್ಲದು, ಗುಣಿಸಿದರೆ 1,800 ವಾಟ್. ಗೋಡೆಯಿಂದ ಬರುವುದಕ್ಕಿಂತ ಹೆಚ್ಚು ಶಕ್ತಿ ಮೋಟರಿನಿಂದ ಹೊರಡುವುದು ಪವಾಡವೇ ಸರಿ! ‘ಪೀಕ್’ ಎಂಬ ಪುಟ್ಟ ಪದದಲ್ಲಿ ಇಡೀ ಜಾದೂ ಅಡಗಿದೆ. ಅದು ಮೋಟರು ಕ್ಷಣಮಾತ್ರ ಮುಟ್ಟಬಹುದಾದ ಶಿಖರದ ಅಂಕಿ, ದಿನನಿತ್ಯದ ದುಡಿಮೆಯದಲ್ಲ. ನಮ್ಮ ಮಿಕ್ಸಿಯ 750 ವಾಟೂ ಪೂರ್ತಿ ಪ್ರಾಮಾಣಿಕವೇನಲ್ಲ. ಅದು ಮೋಟರು ನುಂಗುವ ವಿದ್ಯುತ್ತಿನ ಲೆಕ್ಕ, ಬ್ಲೇಡಿಗೆ ತಲುಪುವುದು ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು.

ಹಾಗಾದರೆ ದುಬಾರಿ ಯಂತ್ರದಲ್ಲಿ ದುಡ್ಡು ಹೋಗುವುದೆಲ್ಲಿಗೆ? ತಾಳಿಕೆಗೆ. ಗಟ್ಟಿ ಸರಕು ಸಿಕ್ಕಿದಾಗ ಮೋಟರಿನ ವೇಗ ಕುಸಿಯುತ್ತದೆ, ಕರೆಂಟು ಏರುತ್ತದೆ, ತಂತಿಯ ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ತಂತಿಯ ಮೇಲಿನ ವಾರ್ನಿಷ್ ಕಾಯ್ದಾಗ ಬರುವ ಆ ವಾಸನೆ ಪ್ರತಿ ಕನ್ನಡ ಮನೆಗೂ ಪರಿಚಿತ. ಮಿಕ್ಸಿ ಗಕ್ಕನೆ ನಿಂತಾಗ ಅಡಿಯ ಕೆಂಪು ಗುಂಡಿ ಒತ್ತುವ ಸಂಸ್ಕಾರವೂ. ಐದು ನಿಮಿಷ ಓಡಿಸಿ, ಎರಡು ನಿಮಿಷ ವಿರಾಮ ಕೊಡಿ ಎಂದು ಮಿಕ್ಸಿಗಳ ಕೈಪಿಡಿಯಲ್ಲಿ ಬರೆದಿರುತ್ತದೆ, ಓದಿದವರು ಕಡಿಮೆ. ಮೇಲ್ದರ್ಜೆಯ ಬ್ಲೆಂಡರಿನಲ್ಲಿ ತಾಮ್ರ ಹೆಚ್ಚು, ಫ್ಯಾನು ದೊಡ್ಡದು, ವೇಗ ಹಿಡಿದಿಡಲು ಎಲೆಕ್ಟ್ರಾನಿಕ್ಸ್ ಇದೆ, ಬ್ಲೇಡನ್ನೂ ಮೋಟರನ್ನೂ ಸೇರಿಸುವ ಕಪ್ಲರ್ ಲೋಹದ್ದು. ಜ್ಯೂಸ್ ಅಂಗಡಿಯಲ್ಲಿ ದಿನವಿಡೀ ಓಡಲು ಇವೆಲ್ಲ ಬೇಕು. ಮನೆಯಲ್ಲಿ ದಿನಕ್ಕೆ ಆರು ನಿಮಿಷ ಓಡುವ ಯಂತ್ರಕ್ಕೆ? ಅಡುಗೆಮನೆಗೆ ಹಿಟ್ಟು ಹೊರಲು ಲಾರಿ ಕೊಂಡಂತೆ.

ಬಿಸಿಯ ವಿಷಯ ಬಂತು. ಈ ಬ್ಲೆಂಡರುಗಳ ಮಾರಾಟಗಾರರು ತೋರಿಸುವ ದೊಡ್ಡ ಚಮತ್ಕಾರವೆಂದರೆ ಒಲೆಯಿಲ್ಲದೆ ಸೂಪು ಬಿಸಿಮಾಡುವುದು. ಇದರಲ್ಲಿ ಮೋಸವಿಲ್ಲ, 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಮಾಡಿದ ಪ್ರಯೋಗ ಇದೇ. ಕೆಳಗಿಳಿಯುವ ತೂಕದಿಂದ ನೀರಿನೊಳಗೆ ಹುಟ್ಟು ತಿರುಗಿಸಿ, ನೀರು ಎಷ್ಟು ಕಾಯಿತೆಂದು ಅವನು ಅಳೆದಿದ್ದ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 75ಕ್ಕೆ ಏರಿಸಲು ಸುಮಾರು 209 ಕಿಲೋಜೂಲ್ ಬೇಕು. ಬ್ಲೇಡಿಗೆ 700 ವಾಟ್ ತಲುಪುತ್ತಿದ್ದರೆ ಐದು ನಿಮಿಷ ಸಾಕು. ಒಲೆಯ ಮೇಲೆ ಇನ್ನೂ ಬೇಗ ಆಗುತ್ತದೆ, ಅದೂ ಸದ್ದಿಲ್ಲದೆ ಎಂಬ ಮಾತನ್ನು ಮಾರಾಟಗಾರ ಹೇಳುವುದಿಲ್ಲ.

ಸೂಪಿಗೆ ವರವಾದ ಇದೇ ಬಿಸಿ ಇಡ್ಲಿಗೆ ಶಾಪ. ಒಂದು ಕಿಲೋ ಹಿಟ್ಟಿಗೆ ಮೂರು ನಿಮಿಷ 400 ವಾಟ್ ಸುರಿದರೆ ಅದರ ಉಷ್ಣತೆ ಸುಮಾರು 20 ಡಿಗ್ರಿ ಏರುತ್ತದೆ. ದೋಹಾದ ಬೇಸಿಗೆಯಲ್ಲಿ ಶುರುವೇ ಎಡವಟ್ಟು. 2010ರ ಜುಲೈನಲ್ಲಿ ಅಲ್ಲಿ 50.4 ಡಿಗ್ರಿ ದಾಖಲಾಗಿತ್ತು. ತಾರಸಿಯ ಟ್ಯಾಂಕಿನಿಂದ ಇಳಿಯುವ ತಣ್ಣೀರಿನ ನಲ್ಲಿಯಲ್ಲಿ ಕೈಸುಡುವ ನೀರು ಬರುತ್ತದೆ. ಹಾಗಾಗಿ ಕೊಲ್ಲಿಯ ಸಂಸಾರಸ್ಥರು ಗೀಸರ್ ಆರಿಸಿ, ಏಸಿ ತಂಪಿನಲ್ಲಿರುವ ಅದರ ಹಂಡೆಯ ನೀರನ್ನೇ ತಣ್ಣೀರಾಗಿ ಬಳಸುವ ಉಪಾಯ ಕಂಡುಕೊಂಡಿದ್ದಾರೆ. ಆ ತಣ್ಣೀರಿನಲ್ಲೇ ನೆನೆದ ಉದ್ದನ್ನು ಬ್ಲೆಂಡರಿನಲ್ಲಿ ರುಬ್ಬಿದರೂ ಹಿಟ್ಟು 50 ಡಿಗ್ರಿಯ ಹತ್ತಿರ ಹೋದೀತು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಮೀಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹಿತವಾದ ಹವೆ ನಮ್ಮ ಮೈಸೂರಿನದು, ಮರಳುಗಾಡಿನದಲ್ಲ. ಜಾಣೆಯರು ರುಬ್ಬುವಾಗ ನೀರಿನ ಬದಲು ಐಸ್ ಹಾಕುವುದು ಇದಕ್ಕೇ.

ಗ್ರೈಂಡರ್ ಈ ತಂಟೆಗೇ ಹೋಗುವುದಿಲ್ಲ. ಕೊಯಮತ್ತೂರಿನ ಪಿ. ಸಭಾಪತಿ 1955ರಲ್ಲಿ ಒರಳಿಗೆ ಮೋಟರು ಕಟ್ಟಿದಾಗಿನಿಂದ ಅದರ ತತ್ತ್ವ ಬದಲಾಗಿಲ್ಲ. ಮನೆಯ ಗ್ರೈಂಡರಿನ ಮೋಟರು 150 ವಾಟಿನ ಆಸುಪಾಸಿನದು, ಬ್ಲೆಂಡರಿನ ಹತ್ತನೇ ಒಂದು ಭಾಗ. ನಿಮಿಷಕ್ಕೆ ನೂರು ನೂರೈವತ್ತು ಸುತ್ತು. ಅರ್ಧ ಗಂಟೆ ಉರುಳುತ್ತದೆ, ಹುಟ್ಟಿದ ಬಿಸಿಯನ್ನು ಕಲ್ಲು ಹೀರಿಕೊಂಡು ನಿಧಾನಕ್ಕೆ ಗಾಳಿಗೆ ಬಿಡುತ್ತದೆ. ಕಾಳು ಕಲ್ಲುಗಳ ನಡುವೆ ಹಿಸುಕಿಸಿಕೊಂಡು ಉದ್ದಿನ ಲೋಳೆ ಪೂರ್ತಿ ಬಿಡುತ್ತದೆ, ಆ ಲೋಳೆಯ ಬಲೆಯಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಬಡಿದು ಚೂರು ಮಾಡುವ ಬ್ಲೇಡಿಗೆ ಈ ಹಿಸುಕಾಟ ಬಾರದು. ಅಮೆರಿಕದಲ್ಲಿ ಕೋಕೋ ಬೀಜದಿಂದ ಸ್ವಂತವಾಗಿ ಚಾಕೊಲೇಟ್ ಮಾಡುವ ಹುಚ್ಚು ಹಬ್ಬಿದಾಗ ಸಣ್ಣ ತಯಾರಕರು ಮೊರೆಹೋದದ್ದು ಯಾವುದಕ್ಕೆ? ವೈಟಾಮಿಕ್ಸಿನ ದೇಶದವರೇ ಆಗಿದ್ದರೂ ತಮಿಳುನಾಡಿನ ಗ್ರೈಂಡರಿಗೆ! ಕಣದ ಗಾತ್ರ 20-30 ಮೈಕ್ರಾನಿಗಿಂತ ಕೆಳಗಿಳಿದರೆ ಮಾತ್ರ ನಾಲಿಗೆಗೆ ನುಣುಪು ಅನ್ನಿಸುತ್ತದೆ, ಅಲ್ಲಿಗೆ ಮುಟ್ಟಲು ಎರಡು ಕಲ್ಲುಗಳ ತಾಳ್ಮೆಯೇ ಬೇಕು.

ಇಷ್ಟೆಲ್ಲ ಹೇಳಿ ಬ್ಲೆಂಡರನ್ನು ಪೂರ್ತಿ ಹೀಗಳೆದರೆ ಅನ್ಯಾಯ. ಅದರ ಹುಟ್ಟುಗುಣಕ್ಕೆ ಹೊಂದುವ ಅಡುಗೆ ಕೊಟ್ಟು ನೋಡಿ, ಮಿಕ್ಸಿ ನಾಚಬೇಕು. ಕನ್ನಡದ ಅಡುಗೆಯಲ್ಲೇ ಅಂಥದ್ದೊಂದಿದೆ: ನೀರುದೋಸೆ. ನೆನೆದ ಅಕ್ಕಿ, ಒಂದಿಷ್ಟು ಕಾಯಿ, ಧಾರಾಳ ನೀರು. ಹುದುಗುವ ಗೊಡವೆ ಇಲ್ಲ, ಉಬ್ಬುವ ಹಟ ಇಲ್ಲ. ಸುಳಿಯಲ್ಲಿ ಸುತ್ತಿ ಸುತ್ತಿ ಅಕ್ಕಿ ಒಂದೇ ಹದಕ್ಕೆ ನುಣ್ಣಗಾಗಿ, ಕಾವಲಿಯ ಮೇಲೆ ಬಲೆಬಲೆಯಾಗಿ ಹರಡುತ್ತದೆ. ಬಾದಾಮಿ ಹಾಲು, ತೆಂಗಿನ ಹಾಲೂ ಅಷ್ಟೇ. ಕತಾರಿನಲ್ಲಿ ರೂಢಿಯಲ್ಲಿರುವ ಅಡುಗೆಗಂತೂ ಅದು ಹೇಳಿಮಾಡಿಸಿದ್ದು: ಎಳ್ಳಿನ ತಾಹಿನಿ ಹಾಕಿದ ಹುಮ್ಮುಸ್, ರಂಜಾನಿನ ಸಂಜೆಯ ಕೆಂಪು ಬೇಳೆಯ ಶೋರ್ಬಾ, ಜ್ಯೂಸ್ ಅಂಗಡಿಗಳ ಗಟ್ಟಿ ಬೆಣ್ಣೆಹಣ್ಣಿನ ರಸ, ಖರ್ಜೂರ ಹಾಕಿದ ಹಾಲು. ಖರ್ಜೂರದ ಬೀಜ ಮಾತ್ರ ತೆಗೆದಿರಬೇಕು. ಐಸ್ ಗಡ್ಡೆ, ಹೆಪ್ಪುಗಟ್ಟಿದ ಮಾವಿನ ಹೋಳುಗಳನ್ನು ಮಿಕ್ಸಿಗೆ ಹಾಕುವುದು ಅದರ ಕಪ್ಲರಿನ ಆಯುಷ್ಯಕ್ಕೆ ಕತ್ತರಿ ಹಾಕಿದಂತೆ, ದುಬಾರಿ ಬ್ಲೆಂಡರಿಗೆ ಅದು ನೀರು ಕುಡಿದಷ್ಟು ಸುಲಭ. ಮನೆಯಲ್ಲಿ ಅಗಿಯಲಾರದ ವೃದ್ಧರೋ, ನುಂಗಲು ತೊಂದರೆ ಇರುವ ರೋಗಿಯೋ ಇದ್ದು ದಿನವೂ ಸಿಪ್ಪೆ ನಾರಿಲ್ಲದಂಥ ನುಣುಪು ಆಹಾರ ಬೇಕಾಗಿದ್ದರೆ ಬೆಲೆಯ ಚರ್ಚೆಯನ್ನೇ ಬಿಟ್ಟುಬಿಡಬಹುದು.

ಕೊಳ್ಳುವುದೇ ಎಂದಾದರೆ ಒಂದು ಗುಂಡಿಯಿದೆ, ವಿದ್ಯಾವಂತರೇ ಹೆಚ್ಚು ಬೀಳುವುದು. ಅಮೆರಿಕದಲ್ಲಿರುವ ತಮ್ಮನೋ ಭಾವನೋ ‘ಇಲ್ಲಿ ಡಿಸ್ಕೌಂಟ್ ಇದೆ, ಬರುವಾಗ ತರುತ್ತೇನೆ’ ಎನ್ನುತ್ತಾರೆ. ಅಲ್ಲಿಯ ಯಂತ್ರ 120 ವೋಲ್ಟಿನದು, ಕತಾರಿನ ಗೋಡೆಯಲ್ಲಿರುವುದು 240. ವೋಲ್ಟೇಜು ಎರಡು ಪಟ್ಟಾದರೆ ಅದೇ ಸುರುಳಿಯಲ್ಲಿ ಶಕ್ತಿಯ ಹರಿವು ನಾಲ್ಕು ಪಟ್ಟಿನತ್ತ ಜಿಗಿಯುತ್ತದೆ. ನಾಲ್ಕು ರಿಯಾಲಿನ ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಒಂದು ಕಿಡಿ, ಒಂದಿಷ್ಟು ಹೊಗೆ, ಐದುನೂರು ಡಾಲರ್ ಢಮಾರ್. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ತರಬಹುದು, ಆದರೆ 1,500 ವಾಟ್ ತಡೆಯುವಂಥದ್ದು ಬ್ಲೆಂಡರಿಗಿಂತ ಭಾರವಾಗಿ ಕಟ್ಟೆಯನ್ನೇ ಆಕ್ರಮಿಸಿಬಿಡುತ್ತದೆ. ಅದೇ ಊರಿನ 230 ವೋಲ್ಟಿನ ಮಿಕ್ಸಿಗೆ ದೋಹಾದಲ್ಲಿ ಅಡಾಪ್ಟರು ಸಾಕು, ಸಡಿಲವಾಗಿರಬಾರದು ಅಷ್ಟೇ. ಸಡಿಲ ಸಂಪರ್ಕ ಇದ್ದಲ್ಲಿ ಬಿಸಿ ಹುಟ್ಟುತ್ತದೆ, ಪ್ಲಾಸ್ಟಿಕ್ ಕಂದುತ್ತದೆ.

ಸದ್ದಿನ ವಿಚಾರ ಬಾಡಿಗೆದಾರರಿಗೆ ಬಿಟ್ಟದ್ದು. ಮಿಕ್ಸಿ, ಬ್ಲೆಂಡರ್ ಎರಡೂ 85ರಿಂದ 95 ಡೆಸಿಬೆಲ್ ವಲಯದಲ್ಲಿ ಕಿರುಚುತ್ತವೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ, 94 ಆದರೆ ಒಂದೇ ಗಂಟೆ ಕೇಳಬಹುದು. ಎರಡು ನಿಮಿಷದ ಚಟ್ನಿಗೆ ಕಿವಿ ಕೆಡುವುದಿಲ್ಲ. ಪಾರ್ಟಿಷನ್ ವಿಲ್ಲಾದಲ್ಲಿ ಜಿಪ್ಸಮ್ ಗೋಡೆಯ ಆಚೆ ರಾತ್ರಿಪಾಳಿ ಮುಗಿಸಿ ಮಲಗಿದವರ ಜೊತೆಗಿನ ಸಂಬಂಧ ಮಾತ್ರ ಕೆಡುತ್ತದೆ.

ಕರೆಂಟಿನ ಖರ್ಚಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. 1,000 ವಾಟಿನ ಯಂತ್ರ ದಿನಕ್ಕೆ ಐದು ನಿಮಿಷ ಓಡಿದರೆ ವರ್ಷಕ್ಕೆ ಮೂವತ್ತು ಯೂನಿಟ್, ಏಸಿಯ ಬಿಲ್ಲಿನಲ್ಲಿ ಅದು ಕಾಣುವುದೂ ಇಲ್ಲ.

ವಾರಂಟಿಗೆ ತಲೆಕೆಡಿಸಿಕೊಳ್ಳಬೇಕು. ಏಳು ವರ್ಷ, ಹತ್ತು ವರ್ಷ ಎಂಬ ಅಮೆರಿಕನ್ ಭರವಸೆಯೇ ಅಲ್ಲಿನ ಹೆಚ್ಚಿನ ಬೆಲೆಗೆ ದೊಡ್ಡ ಸಮರ್ಥನೆ. ಹತ್ತು ವರ್ಷಕ್ಕೆ ಹಂಚಿದರೆ ಎರಡು ಸಾವಿರ ರಿಯಾಲ್ ವರ್ಷಕ್ಕೆ ಇನ್ನೂರು ಎಂದು ಮನಸ್ಸು ಸಮಾಧಾನ ಹೇಳಿಕೊಳ್ಳುತ್ತದೆ. ಆದರೆ ಕೊಲ್ಲಿಯ ಬದುಕು ವೀಸಾದ ತಾರೀಕಿಗೆ ಕಟ್ಟಿದ್ದು. ವಾರಂಟಿ ಕೊಂಡ ದೇಶಕ್ಕೆ ಸೀಮಿತವಾಗಿರುವುದೇ ಹೆಚ್ಚು. ನಾಲ್ಕನೇ ವರ್ಷ ಮಂಗಳೂರಿಗೆ ಮರಳಿದರೆ ಯಂತ್ರ ಓಡುತ್ತದೆ, ಕೆಟ್ಟರೆ ಬಿಡಿಭಾಗಕ್ಕೆ ದೇವರೇ ಗತಿ. ಮಿಕ್ಸಿಯ ಕಪ್ಲರ್, ಬುಷ್, ಗ್ಯಾಸ್ಕೆಟ್ ಮಾತ್ರ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಹಿಡಿದು ತಾಲೂಕು ಪೇಟೆಯ ಮೂಲೆಯಂಗಡಿಯವರೆಗೆ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ರಜೆಯಲ್ಲಿ ಊರಿಗೆ ಹೋದವರು ಜೇಬಿನಲ್ಲೇ ತರಬಹುದು.

ಆ ಅಲ್ ಹಿಲಾಲ್‌ನ ಮನೆಗೆ ಈ ಬರಹದ ಸಲಹೆ ಇಷ್ಟು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಹದಿನೈದು ದಿನ ಏನೇನು ಅರೆದಿರಿ, ಎಷ್ಟು ನೀರು ಹಾಕಿದಿರಿ ಎಂದು ಗೆರೆ ಎಳೆಯುತ್ತ ಹೋಗಿ. ಚಟ್ನಿ, ಗಸಿಯ ಮಸಾಲೆ, ಸಾರಿನ ಪುಡಿ, ಇಡ್ಲಿ ಹಿಟ್ಟುಗಳೇ ತುಂಬಿದ್ದರೆ ಹೊಸ 750 ವಾಟಿನ ಮಿಕ್ಸಿಯೊಂದು, ಜಾಗವಿದ್ದರೆ ಎರಡು ಲೀಟರಿನ ಗ್ರೈಂಡರೊಂದು ಕೊಳ್ಳಿ, ಉಳಿದ ದುಡ್ಡಿನಲ್ಲಿ ಊರಿಗೆ ಒಂದು ಟಿಕೆಟ್ಟೂ ಆಗಬಹುದು. ಸ್ಮೂದಿ, ಸೂಪು, ಬಾದಾಮಿ ಹಾಲು, ನೀರುದೋಸೆ ಸೇರಿ ವಾರಕ್ಕೆ ಐದಾರು ಸಲವಾದರೂ ಬಂದಿದ್ದರೆ, ಎರಡು ಸಾವಿರ ರಿಯಾಲ್ ದಂಡವಲ್ಲ. ಆಗಲೂ ಹಳೆಯ ಮಿಕ್ಸಿಯನ್ನು ಯಾರಿಗೂ ಕೊಟ್ಟುಬಿಡಬೇಡಿ, ಚಟ್ನಿಗೆ ಅದೇ ಬೇಕು. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲು ಯಂತ್ರವನ್ನು ತಲೆಕೆಳಗು ಮಾಡಿ, ಬುಡದ ಚೀಟಿಯಲ್ಲಿ 220–240 ವೋಲ್ಟ್, 50 ಹರ್ಟ್ಸ್ ಎಂದು ಬರೆದಿದೆಯೇ ಓದಿಕೊಳ್ಳಿ.